ಅದ್ರಾಮಾಕನ ಬೆಲ್ಲದ ಡಬ್ಬಿ

ಕಪ್ಪು ಕೋಟು, ಕಪ್ಪು ಟೈ, ಗರಿ ಮುರಿಯದ ಬಿಳಿ ಅಂಗಿ. ಇಷ್ಟೆಲ್ಲ ತೊಟ್ಟು, ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಉದ್ದ ಕಾರಿನ ಬಾಗಿಲು ಹಿಡಿದು ನಿಂತ ಅದ್ರಾಮಾಕನ ಎಡಗೈಯಲ್ಲಿ ಮಾತ್ರ ನಗ್ಗಿದ ಒಂದು ಸ್ಟೀಲ್ ಡಬ್ಬಿ. ವಿಮಾನ ಇಳಿದು ಬಂದವರು ಸೀಟಿಗೆ ಒರಗಿದ್ದೇ ತಡ, ಮುಚ್ಚಳ ತೆಗೆದು ತಾಳೆಗರಿಯಲ್ಲಿ ಸುತ್ತಿ ಬರುವ ಕಪ್ಪು ಓಲೆಬೆಲ್ಲದ ಒಂದು ಚೂರು ಮುಂದೆ ಹಿಡಿಯುತ್ತಿದ್ದರು. ಹಿಂದೆಯೇ ಒಂದು ಲೋಟ ನೀರು. ಆಮೇಲೆಯೇ ಕಾರು ಹೊರಡುತ್ತಿದ್ದುದು.

ಪಾಸ್‌ಪೋರ್ಟಿನಲ್ಲಿ ಅವರು ಅಬ್ದುಲ್ ರಹಿಮಾನ್, ಊರು ಉಪ್ಪಿನಂಗಡಿಯಿಂದ ಆಚೆ. ಬಹರೈನಿನ ಅರಾದ್ ಎಂಬಲ್ಲಿ, ನಮ್ಮ ಗಲ್ಲಿಯ ಕೋಲ್ಡ್ ಸ್ಟೋರಿನ ಹಿಂದಿನ ಕೋಣೆಯಲ್ಲಿದ್ದರು. ಇಲ್ಲಿ ಕಿರಾಣಿ ಅಂಗಡಿಗೆ ಕೋಲ್ಡ್ ಸ್ಟೋರ್ ಎನ್ನುತ್ತಾರೆಂಬುದು ದಾವಣಗೆರೆಯಿಂದ ಬಂದ ನನಗೆ ಗೊತ್ತಾದದ್ದೇ ಅವರಿಂದ. ಮೂರು ಸಲ ಫೇಲಾಗಿ ಲೈಸೆನ್ಸ್ ಸಿಕ್ಕ ಮೇಲೂ ಕಾರು ಮುಟ್ಟಲು ನಾನು ಹೆದರುತ್ತಿದ್ದಾಗ, ಆರು ಶುಕ್ರವಾರ ಬೆಳಿಗ್ಗೆ ಪಕ್ಕದಲ್ಲಿ ಕೂತು ಭಯ ಬಿಡಿಸಿದವರೂ ಅವರೇ. ಬೈದದ್ದಿಲ್ಲ. ನಾನು ರೌಂಡ್‌ಅಬೌಟಿನಲ್ಲಿ ಕಾರು ನಿಲ್ಲಿಸಿಬಿಟ್ಟಾಗ, "ನಿಲ್ಲಿ ಅಕ್ಕಾ, ನಿಲ್ಲಿ. ಅವರು ಹಾರ್ನ್ ಹಾಕ್ಲಿ. ಹಾರ್ನಿಂದ ಯಾರೂ ಸತ್ತದ್ದಿಲ್ಲ" ಎಂದು ಕಿಟಕಿ ಏರಿಸಿ ಕೂತಿದ್ದರು.

ಅವರ ಕೆಲಸ ಎರಡು ವಿಮಾನಗಳ ನಡುವೆ ಎಂಟೊಂಬತ್ತು ಗಂಟೆ ಸಿಕ್ಕಿದ ಸಿರಿವಂತ ಪ್ರಯಾಣಿಕರಿಗೆ ಊರು ತೋರಿಸುವುದು. ಕಂಪನಿಯ ಚೀಟಿಯನ್ನು ಒಮ್ಮೆ ನನಗೂ ತೋರಿಸಿದ್ದರು. ಗಾಜಿನ ಹೋಟೆಲಿನ ಮೇಲುಮಹಡಿಯಲ್ಲಿ ಕೋಣೆ, ಮೈಗೆ ಎಣ್ಣೆ ತಿಕ್ಕುವ ಸ್ಪಾ, ಗಾಳಿಯಂತ್ರ ಸಿಕ್ಕಿಸಿದ ಜೋಡಿ ಗೋಪುರದ ಮುಂದೆ ಫೋಟೊ, ಮರಳಿನ ನಡುವೆ ಒಂಟಿಯಾಗಿ ನಿಂತ ಹಳೇ ಮರ, ಮುಹರಕ್ಕಿನ ಮುತ್ತಿನ ವ್ಯಾಪಾರಿಯ ಹಳೇ ಮನೆ, ಸಮುದ್ರದ ಎದುರು ಊಟ, ಮತ್ತೆ ವಿಮಾನ. ಒಂದೊಂದಕ್ಕೂ ಇಷ್ಟಿಷ್ಟೇ ನಿಮಿಷ. ಬಿಸಿಲು ಮಾತ್ರ ಚೀಟಿಯಲ್ಲಿರಲಿಲ್ಲ.

"ಗೇಟಿಂದ ಇಳಿದು ಗೇಟಿಗೆ ಹತ್ತಿದವ ಎಲ್ಲಿಗೂ ಬಂದವ ಅಲ್ಲ ಅಕ್ಕಾ" ಎನ್ನುತ್ತಿದ್ದರು. "ಒಬ್ಬರ ಕೈಯಿಂದ ನೀರು ಕುಡಿದ್ರೆ ಮಾತ್ರ ಊರಿಗೆ ಬಂದ ಲೆಕ್ಕ. ನಮ್ಮಲ್ಲಿ ದಾರಿ ಕೇಳ್ಲಿಕ್ಕೆ ಬಂದವನಿಗೂ ಬೆಲ್ಲ ನೀರು ಕೊಡ್ತಾರೆ. ಇವರು ಅಷ್ಟು ದೂರದಿಂದ ಬಂದದ್ದು."

ಕಂಪನಿಯ ಸೂಪರ್‌ವೈಸರಿಗೆ ಆ ಡಬ್ಬಿ ಕಣ್ಣಿಗೆ ಬಿದ್ದ ಕಸ. ಬಂಗಾರದ ಕಾಗದ ಸುತ್ತಿದ ಚಾಕಲೇಟು, ತಣ್ಣನೆಯ ಟವೆಲ್ಲು ಕೊಡಬೇಕೆಂಬುದು ನಿಯಮ. ಒಂದು ದಿನ ಕರೆದು, ಈ ಕರಿ ಮುದ್ದೆ ನೋಡಿ ಗಿರಾಕಿಗಳು ಹೆದರುತ್ತಾರೆ, ತೆಗೆ ಎಂದನಂತೆ. ಅದ್ರಾಮಾಕ ಚಾಕಲೇಟನ್ನೂ ಕೊಟ್ಟರು, ಬೆಲ್ಲವನ್ನೂ ಬಿಡಲಿಲ್ಲ. "ಚಾಕಲೇಟ್ ಕಂಪನಿದು, ಬೆಲ್ಲ ನಂದು. ಕಂಪನಿಯ ಮರ್ಯಾದೆ ಕಂಪನಿ ಮಾಡ್ಲಿ, ನಂದು ನಾನು ಮಾಡ್ತೇನೆ." ಮಂಗಳೂರಿನ ವಿಮಾನಕ್ಕೆ ಯಾರು ಹೊರಟರೂ ಅವರಿಗೆ ಅದ್ರಾಮಾಕನದು ಒಂದೇ ಬೇಡಿಕೆ: ಓಲೆಬೆಲ್ಲ ತನ್ನಿ, ಬೇರೆ ಎಂತದೂ ಬೇಡ. ನಮ್ಮ ದಾವಣಗೆರೆ ಕಡೆಯ ಅಚ್ಚುಬೆಲ್ಲ ಒಮ್ಮೆ ಕೊಟ್ಟಿದ್ದೆ. ಬಾಯಿಗೆ ಹಾಕಿಕೊಂಡು, "ಸಿಹಿ ಉಂಟು. ಆದ್ರೆ ಬೆಲ್ಲ ಅಲ್ಲ" ಎಂದರು.

ನನ್ನ ನಾದಿನಿ ವಿಶಾಲ ಇರುವುದು ಬೆಂಗಳೂರಿನಲ್ಲಿ. ಮಗಳ ಕಾಲೇಜಿನ ಸಮಾರಂಭಕ್ಕೆ ಗಂಡನ ಜೊತೆ ಲಂಡನ್ನಿಗೆ ಹೊರಟಿದ್ದಳು, ದಾರಿಯಲ್ಲಿ ಬಹರೈನಿನಲ್ಲಿ ಒಂಬತ್ತು ಗಂಟೆ. ಫೋನಿನಲ್ಲಿ, "ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ. ಹೋಟೆಲ್, ಸ್ಪಾ, ಸಿಟಿ ಟೂರ್ ಎಲ್ಲಾ ಟಿಕೆಟ್ ಜೊತೆನೇ ಬಂದಿದೆ, ಟೈಮೇ ಇಲ್ಲ" ಎಂದಳು. ನಮ್ಮ ಮನೆ ವಿಮಾನ ನಿಲ್ದಾಣದಿಂದ ಹತ್ತು ನಿಮಿಷ. ಆಗಲಿ ಎಂದು ಫೋನಿಟ್ಟೆ. ಅಣ್ಣನ ಮನೆಯ ಬಾಗಿಲ ಮುಂದೆಯೇ ಹಾದು ಹೋಗುತ್ತಾಳಲ್ಲ ಎಂದು ನಮ್ಮವರು ಪೇಪರ್ ಮಡಚಿ ಎದ್ದು ಹೋದರು. ಮೊಸರು ತರಲು ಹೋದಾಗ ಇದನ್ನು ಅದ್ರಾಮಾಕನ ಹತ್ತಿರ ಹೇಳಿದ್ದೆ. ಹೆಸರೇನು, ಯಾವ ದಿನ ಬರುವುದು ಎಂದಷ್ಟೇ ಕೇಳಿದರು.

ವಿಶಾಲ ಬಂದಿಳಿಯುವ ದಿನ ಸಂಜೆ ನಾಲ್ಕಕ್ಕೆ ಮೆಂತೆಸೊಪ್ಪು ಬಿಡಿಸುತ್ತ ಕೂತಿದ್ದೆ. ಬೆಲ್ ಆಯಿತು. ಬಾಗಿಲಲ್ಲಿ ಅದ್ರಾಮಾಕ, ಹಿಂದೆ ಹೋಟೆಲಿನ ಸುವಾಸನೆ ಬೀರುತ್ತ ವಿಶಾಲ, ಅವಳ ಗಂಡ. ಮೂವರಲ್ಲಿ ನಗುತ್ತಿದ್ದವರು ಅದ್ರಾಮಾಕ ಒಬ್ಬರೇ.

"ಇವರನ್ನು ಊರು ಯಾವುದು ಕೇಳಿದೆ, ದಾವಣಗೆರೆ ಅಂದ್ರು. ಇಲ್ಲಿ ನಿಮ್ಮವರು ಯಾರಾದ್ರೂ ಉಂಟಾ ಕೇಳಿದೆ. ಯಾರೂ ಇಲ್ಲ ಅಂದ್ರು." ಅದ್ರಾಮಾಕ ವಿಶಾಲನ ಕಡೆ ತಿರುಗಿದರು. "ಚೀಟಿಯಲ್ಲಿ ಹಳೇ ಮನೆ ಅಂತ ಒಂದು ಉಂಟು. ಅಲ್ಲಿ ಮನುಷ್ಯರಿಲ್ಲ, ಬರೀ ಬಾಗಿಲು. ಅದಕ್ಕೆ ಇಲ್ಲಿಗೆ ತಂದೆ."

ಕೇಳದೆ ಕರೆತಂದದ್ದು ತಪ್ಪೇ. ನಾನು ಇವತ್ತೂ ಅದನ್ನು ಸರಿಯೆನ್ನುವುದಿಲ್ಲ. ಆದರೆ ಬಂದವರನ್ನು ನಿಲ್ಲಿಸಿ ತಪ್ಪು ಒಪ್ಪು ನೋಡುವುದಕ್ಕಾಗುತ್ತದೆಯೆ? ಬರ್ರಿ ಎಂದೆ. ಮಂಡಕ್ಕಿ ಒಗ್ಗರಣೆ ಹಾಕಿ, ಚಹಾ ಕಾಯಿಸಿದೆ. ವಿಶಾಲನ ಗಂಡ ಎರಡು ತಟ್ಟೆ ತಿಂದು ಮೆಣಸಿನಕಾಯಿಯನ್ನೂ ಬಿಡಲಿಲ್ಲ. ವಿಶಾಲ ಗಡಿಯಾರ ನೋಡುತ್ತ, ಅಣ್ಣ ಎಲ್ಲಿ ಎಂದು ಕೇಳಿದಳು. ಆಫೀಸಿನಲ್ಲಿ ಎಂದೆ. ಅವಳಿಗೆ ನಿರಾಳವಾದದ್ದು ಕಾಣಿಸಿತು. ಇಪ್ಪತ್ತು ನಿಮಿಷ ಕೂತು ಹೋದರು.

ವಾರ ಕಳೆದ ಮೇಲೆ ಅದ್ರಾಮಾಕ ಕಂಪನಿಯ ಒಂದು ಕಾಗದ ಹಿಡಿದು ಬಂದರು. ವಿಶಾಲ ವಿಮಾನದಲ್ಲೇ ದೂರು ಬರೆದು ಕೊಟ್ಟಿದ್ದಳು. ಡ್ರೈವರ್ ತಮ್ಮನ್ನು ಯಾವುದೋ ಖಾಸಗಿ ಮನೆಗೆ ಒಯ್ದ, ಬಹುಶಃ ಕಮಿಷನಿಗಾಗಿ ಎಂದು. ಯಾರೂ ಇಲ್ಲ ಎಂದು ಹೇಳಿಬಿಟ್ಟ ಮೇಲೆ ಅದು ಸ್ವಂತ ಅಣ್ಣನ ಮನೆಯೆಂದು ಬರೆಯಲು ಅವಳಿಗೆ ಕೈ ಬರಲಿಲ್ಲವೇನೋ. ಕಮಿಷನಿಗಾಗಿ ದಾರಿ ಬದಲಿಸಿದೆ, ಇನ್ನು ಮಾಡುವುದಿಲ್ಲ ಎಂದು ಬರೆದಿದ್ದ ಆ ಕಾಗದದ ಕೆಳಗೆ ಎರಡು ದಿನದಲ್ಲಿ ಸಹಿ ಹಾಕಿದರೆ ಸಾಮಾನು ಸಾಗಿಸುವ ವ್ಯಾನ್ ಓಡಿಸಲು ಹಾಕುತ್ತಾರೆ. ಹಾಕದಿದ್ದರೆ ವೀಸಾ ಕ್ಯಾನ್ಸಲ್, ಊರಿಗೆ ಹೊರಡಬೇಕು.

ಅಲ್ಲೇ ನಿಂತು ವಿಶಾಲನಿಗೆ ಫೋನ್ ಮಾಡಿದೆ.

"ಅತ್ತಿಗೆ, ಈಗ ಬದಲಾಯಿಸಿ ಬರೆದ್ರೆ ನಾನು ಸುಳ್ಳು ಹೇಳಿದ ಹಾಗಾಗುತ್ತೆ" ಎಂದಳು.

"ಹೇಳಿರೋದು ಸುಳ್ಳೇ ಅಲ್ಲೇನೇ?"

ಫೋನ್ ಕಟ್ ಆಯಿತು.

ಮರುದಿನ ನನ್ನ ಮದುವೆಯ ಆಲ್ಬಮ್ ತೆಗೆದುಕೊಂಡು, ಒಬ್ಬಳೇ ಕಾರು ನಡೆಸಿಕೊಂಡು ಅವರ ಕಂಪನಿಯ ಕಚೇರಿಗೆ ಹೋದೆ. ಸೇತುವೆ ದಾಟಿ ಮನಾಮಾದ ಟ್ರಾಫಿಕ್ಕಿಗೆ ನಾನೊಬ್ಬಳೇ ಇಳಿದದ್ದು ಅದೇ ಮೊದಲು. ಆರತಿ ತಟ್ಟೆ ಹಿಡಿದು ನಿಂತ ವಿಶಾಲನ ಫೋಟೊ ತೋರಿಸಿ, ಇವಳು ನನ್ನ ಗಂಡನ ತಂಗಿ, ಅದು ಇವಳ ಅಣ್ಣನ ಮನೆ, ಕಮಿಷನ್ ಎಲ್ಲಿಂದ ಬಂತು ಎಂದು ಬಂದಷ್ಟು ಹಿಂದಿಯಲ್ಲಿ ಕೇಳಿದೆ. ಸೂಪರ್‌ವೈಸರ್ ಫೋಟೊವನ್ನು ಬಹಳ ಹೊತ್ತು ನೋಡಿದ. "ಮೇಡಂ, ನಾನು ನಂಬ್ತೀನಿ. ಆದರೆ ದೂರು ಕೊಟ್ಟವರು ವಾಪಸ್ ತಗೋಬೇಕು" ಎಂದು ಆಲ್ಬಮ್ ಮುಚ್ಚಿ ಎರಡೂ ಕೈಯಲ್ಲಿ ಕೊಟ್ಟ.

ಕೋಲ್ಡ್ ಸ್ಟೋರಿನವರು, ನಮ್ಮವರು, ಕೊನೆಗೆ ನಾನೂ ಹೇಳಿದೆವು. ಮನೆಯಲ್ಲಿ ಕಿರಿಯ ಮಗಳ ಓದು ಮುಗಿದಿಲ್ಲ, ಈ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ, ಒಂದು ಸಹಿ ತಾನೆ, ಹಾಕಿಬಿಡಿ ಎಂದು.

"ಚೀಟಿ ಬಿಟ್ಟು ಬೇರೆ ಕಡೆ ಹೋದೆ ಅಂತ ಬರೀಲಿ, ಎರಡು ಸಹಿ ಹಾಕ್ತೇನೆ" ಎಂದರು ಅದ್ರಾಮಾಕ. "ಕಮಿಷನ್ ಅಂತ ಹಾಕಿದ್ರೆ ಇಪ್ಪತ್ತೆರಡು ವರ್ಷ ಕೊಟ್ಟ ಬೆಲ್ಲ ಎಲ್ಲ ಅದಕ್ಕೇ ಅಂತ ಆಗ್ತದೆ. ಮಗಳಿಗೆ ನಾನು ಹೇಳ್ತೇನೆ. ಅವಳಿಗೆ ಗೊತ್ತಾಗ್ತದೆ."

ಹೊರಡುವ ದಿನ ಮಧ್ಯಾಹ್ನದ ವಿಮಾನ. ಕಂಪನಿಯ ವ್ಯಾನ್ ಬೇಡ, ನಾನೇ ಬಿಡುತ್ತೇನೆ ಎಂದೆ. ಮುಂದಿನ ಬಾಗಿಲಿಗೆ ಕೈ ಹಾಕಿದರು. ಹಿಂದೆ ಕೂರಿ ಎಂದೆ. "ನಾನು ಹಿಂದೆ ಕೂತವ ಅಲ್ಲ ಅಕ್ಕಾ" ಎಂದು ಗೊಣಗುತ್ತಲೇ ಕೂತರು. ಅಡುಗೆಮನೆಯಿಂದ ತಂದಿದ್ದ ಬೆಲ್ಲದ ಚೂರು, ನೀರು ಮುಂದೆ ಹಿಡಿದೆ. ನಮ್ಮ ಅಚ್ಚುಬೆಲ್ಲವೇ. ಈ ಸಲ ಹೆಸರಿಡಲಿಲ್ಲ.

ಕಾರು ಸೇತುವೆಯ ಕಡೆ ತಿರುಗಿಸಿದೆ.

"ಅಕ್ಕಾ, ಏರ್‌ಪೋರ್ಟ್ ಆ ಕಡೆ."

"ಗೊತ್ತು. ಸುಮ್ಮನೆ ಕೂತ್ಕಳ್ರಿ. ಇವತ್ತು ನಿಮಗೆ ಊರು ತೋರಿಸ್ತೀನಿ."

"ತೋರಿಸಿ. ಮೊದ್ಲು ಇಂಡಿಕೇಟರ್ ಹಾಕಿ."

ಜೋಡಿ ಗೋಪುರದ ಕೆಳಗೆ ನಿಲ್ಲಿಸಿ ಒಂದು ಫೋಟೊ ತೆಗೆದೆ. ಆಮೇಲೆ ಆ ಗಾಜಿನ ಹೋಟೆಲಿಗೆ ಹೋದೆ. ಸಾವಿರಾರು ಸಲ ಅದರ ಬಾಗಿಲವರೆಗೆ ಬಂದಿದ್ದ ಮನುಷ್ಯ ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ, ಡ್ರೈವರುಗಳು ಹೊರಗೇ ನಿಲ್ಲಬೇಕು. ಬಾಗಿಲು ಕಾಯುವವನು ಗುರುತು ಹಿಡಿದು ಒಂದು ಕ್ಷಣ ತಡವರಿಸಿದ. ಅದ್ರಾಮಾಕ ಚೌಕಳಿ ಅಂಗಿಯ ಕಾಲರ್ ನೆಟ್ಟಗೆ ಮಾಡಿಕೊಂಡು, "ಸಲಾಂ" ಎಂದರು. ಅವನು ಬಾಗಿಲು ಪೂರ್ತಿ ತೆರೆದು ಹಿಡಿದ.

ಮೆತ್ತನೆಯ ಸೋಫಾದ ತುದಿಯಲ್ಲಿ ಅಲ್ಲ, ಬೆನ್ನು ಒರಗಿಸಿಯೇ ಕೂತರು. ಚಹಾ ಬಂತು. ಒಂದು ಗುಟುಕು ಕುಡಿದು, "ಇಷ್ಟು ವರ್ಷ ನಾನು ಕಳೆದುಕೊಂಡದ್ದು ಎಂತದೂ ಇಲ್ಲ" ಎಂದರು. ಲೋಟ ತೆಗೆಯಲು ಬಂದ ನೇಪಾಳಿ ಹುಡುಗಿಗೆ ಜೇಬಿನಿಂದ ಡಬ್ಬಿ ತೆಗೆದು ಬೆಲ್ಲ ಕೊಟ್ಟರು. ಆಕೆ ಅತ್ತಿತ್ತ ನೋಡಿ ಬಾಯಿಗೆ ಹಾಕಿಕೊಂಡಳು.

ನಿಲ್ದಾಣದಲ್ಲಿ ಪೆಟ್ಟಿಗೆ ಇಳಿಸಿದ ಮೇಲೆ ಡಬ್ಬಿಯನ್ನು ನನ್ನ ಕಾರಿನ ಮುಂದಿನ ಸೀಟಿನಲ್ಲಿಟ್ಟರು. "ಊರಲ್ಲಿ ಬೆಲ್ಲ ಕೊಡ್ಲಿಕ್ಕೆ ತುಂಬ ಜನ ಉಂಟು. ಇಲ್ಲಿ ನೀವು ಒಬ್ರೇ." ಹಿಂದಿರುಗಿ ನೋಡದೆ, ಬೇರೆಯವರಿಗೆ ದಾರಿ ತೋರಿಸುವವರ ಹಾಗೆಯೇ ಮುಂದೆ ಮುಂದೆ ನಡೆದು ಗಾಜಿನ ಆಚೆ ಹೋದರು. ಮತ್ತೆ ನಾನು ಅವರನ್ನು ನೋಡಿಲ್ಲ.

ಮನೆಗೆ ಬಂದು ಡಬ್ಬಿ ತೊಳೆಯೋಣವೆಂದು ಬೆಲ್ಲ ತೆಗೆದೆ. ತಳದಲ್ಲಿ ಒಂದು ಕಾಗದ ದುಂಡಗೆ ಮಡಚಿ ಹಾಸಿತ್ತು. ಕಂಪನಿಯ ಅದೇ ಕಾಗದ. ಸಹಿಯ ಗೆರೆಯ ಮೇಲೆ ಬೆಲ್ಲ ಕರಗಿ ಅಂಟಿತ್ತು, ಬೇರೇನೂ ಇರಲಿಲ್ಲ. ಡಬ್ಬಿ ಈಗಲೂ ನನ್ನ ಕಾರಿನಲ್ಲಿದೆ. ಯಾರು ಹತ್ತಿದರೂ ಮೊದಲು ಮುಚ್ಚಳ ತೆಗೆಯುತ್ತೇನೆ. ಎರಡು ವರ್ಷದ ಮೇಲೆ ತಾನಾಗಿಯೇ ಫೋನ್ ಮಾಡಿ ಬಂದ ವಿಶಾಲನಿಗೂ ತೆಗೆದೆ. ಬೆಲ್ಲ ಮುಗಿದ ಹಾಗೆಲ್ಲ ತುಂಬಿಸುತ್ತೇನೆ. ಕೆಳಗಿನ ಕಾಗದ ಮಾತ್ರ ಬದಲಾಯಿಸಿಲ್ಲ.