ಮೀನು ವಾಪಸ್ ಕೊಡಲು ಬಂದ ಹುಡುಗಿ

ಪೇಟೆ ಸಾಲಿನಲ್ಲಿ ಬಣ್ಣದ ಮೀನು ಮಾರುವ ಹೆಂಗಸಿಗೆ ಗದ್ದಲಕ್ಕ ಎಂಬ ಹೆಸರು ಸುಮ್ಮನೆ ಬಿದ್ದಿಲ್ಲ. ಅವಳು ಒಬ್ಬ ಗಿರಾಕಿಗೆ ದರ ಹೇಳಿದರೆ ಆಚೆ ಬೀದಿಯವರೂ ಚೌಕಾಸಿ ಶುರುಮಾಡಬಹುದು. ದನಿಯಿಲ್ಲದ ಮೀನುಗಳ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುತ್ತಾಳೆ. ಅಂಗಡಿಯಲ್ಲಿ ಒಂದೇ ಕಟ್ಟುನಿಟ್ಟು: ಮಾರಿದ ಮೀನು ವಾಪಸ್ಸಿಲ್ಲ.

ಅವತ್ತು ಮಧ್ಯಾಹ್ನ, ಬೇಕರಿಯಲ್ಲಿ ಬ್ರೆಡ್ಡು ಸುಡುವ ಹೆಂಗಸಿನ ಮಗಳು ನೀರು ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದು ಬಂದಳು. ಹೈಸ್ಕೂಲು ಮುಗಿಸುವ ವಯಸ್ಸು. ಚೀಲದೊಳಗೆ, ಇದೇ ಅಂಗಡಿಯಿಂದ ಕೊಂಡು ಸಾಕಿದ ಅವಳದೇ ಮೀನುಗಳು.

"ಅಕ್ಕಾ, ಇವನ್ನ ಇಟ್ಕೊಳ್ಳಿ. ದುಡ್ಡು ಬೇಡ. ಗಾಜಿನ ತೊಟ್ಟೀನೂ ತಂದ್ಕೊಡ್ತೀನಿ."

ಪುಕ್ಕಟೆ! ಆ ಮಾತು ಕಿವಿಗೆ ಬಿದ್ದದ್ದೇ ತಡ, ಅಂಗಡಿಯ ಕಟ್ಟುನಿಟ್ಟು ಗಂಟುಮೂಟೆ ಕಟ್ಟಿತು. ಗದ್ದಲಕ್ಕ ಎರಡೂ ಕೈ ಚಾಚಿ ಚೀಲ ಇಸಕೊಂಡಳು.

"ಕಪ್ಪು ಬಾಲದ್ದಕ್ಕೆ ಕಾಳು ಪುಡಿಮಾಡಿ ಹಾಕಿ. ದೊಡ್ಡದು ಅದನ್ನ ಅಟ್ಟಾಡ್ಸತ್ತೆ, ಬೇರೆ ಇಡಿ. ನಿಮಗೆ ತುಂಬಾ ಕಾಟ ಕೊಟ್ಟೆ ಅಕ್ಕಾ, ಬೇಜಾರ್ ಮಾಡ್ಕೋಬೇಡಿ."

ಲಾಭದ ಖುಷಿ ಗದ್ದಲಕ್ಕನ ಮುಖದಲ್ಲೇ ತಣ್ಣಗಾಯಿತು. ಒಂದು ಮೀನಿನ ರೆಕ್ಕೆ ಮುದುಡಿದರೂ ಅಂಗಡಿಗೆ ಓಡಿ ಬಂದು ಜಗಳ ತೆಗೆಯುವ ಹುಡುಗಿ ಇವಳು. ಈಗ ಜೀವದಂಥ ಮೀನುಗಳನ್ನು ಬಿಟ್ಟು, ಕ್ಷಮೆ ಬೇರೆ ಕೇಳಿ ಹೊರಟಿದ್ದಾಳೆ!

"ಊರು ಬಿಡ್ತಿದ್ದೀರೇನೇ?"

"ಇಲ್ಲ. ಇನ್ಮೇಲೆ ನೋಡ್ಕೊಳ್ಳೋಕಾಗಲ್ಲ, ಅಷ್ಟೇ."

ಇವಳನ್ನು ಹೀಗೇ ಹೋಗಗೊಡಬಾರದು ಎನ್ನಿಸಿತು ಗದ್ದಲಕ್ಕನಿಗೆ. ವ್ಯಾಪಾರದ ಬುದ್ಧಿ ಕೈಕೊಡಲಿಲ್ಲ. ಚೀಲವನ್ನು ಹಾಗೇ ದೊಡ್ಡ ತೊಟ್ಟಿಯಲ್ಲಿ ತೇಲಿಬಿಟ್ಟಳು.

"ನಿಲ್ಲೇ ಮಹಾರಾಯ್ತಿ! ಹೊಸ ನೀರಿಗೆ ಒಗ್ಗೋವರೆಗೂ ಚೀಲ ಬಿಚ್ಚೋ ಹಾಗಿಲ್ಲ, ನಿಂಗೊತ್ತಲ್ಲ. ಸಾಕಿದೋರು ಎದುರಿಗೆ ಕೂತಿರ್ಬೇಕು."

"ಹಾಗೆಲ್ಲಿದೆ?"

"ಇಲ್ಲಿದೆ. ಅಂಗಡಿ ಯಾರದು? ಕೂತ್ಕೋ."

ಹುಡುಗಿ ಸ್ಟೂಲಿನ ಮೇಲೆ ಕುಕ್ಕರಿಸಿದಳು. ಕೇಳಿದರೆ ಇಲ್ಲದ ಯೋಚನೆಯನ್ನು ತಾನೇ ತಲೆಗೆ ತುಂಬಿದಂತಾದೀತೇ ಎಂದು ಗದ್ದಲಕ್ಕ ಅರೆಗಳಿಗೆ ಹಿಂಜರಿದಳು. ಕೇಳದೆ ಬಿಡುವುದಕ್ಕೆ ಅದಕ್ಕಿಂತ ಹೆದರಿಕೆಯಾಯಿತು. ಜನ್ಮದಲ್ಲಿ ಮೊದಲ ಸಲ ದನಿ ತಗ್ಗಿಸಿದಳು.

"ಸಾಯ್ಬೇಕು ಅನ್ನಿಸ್ತಿದೆಯೇನೇ, ಮಗಾ?"

ಯಾರಾದರೂ ಕೇಳಲೆಂದೇ ಕಾದಿದ್ದವಳಂತೆ ಹುಡುಗಿ ಹೂಂ ಎಂದು ಬಿಕ್ಕಿದಳು. ಹಿಂದುಮುಂದಾಗಿ ಎಲ್ಲ ಹೊರಬಂತು. ಕ್ಲಾಸಿನವರು ಫೋನಿನಲ್ಲಿ ಅವಳ ಫೋಟೋ ಹಂಚಿಕೊಂಡು ನಗಾಡಿದ್ದು, ನಿದ್ದೆ ಕೆಟ್ಟದ್ದು, ಓದಿದ್ದು ತಲೆಗೆ ಹತ್ತದಿರುವುದು, ಅಮ್ಮನಿಗೆ ತಾನೊಂದು ಹೊರೆ ಎನ್ನಿಸಿದ್ದು. ಇದೇ ಕಾರಣ ಎಂದು ಬೊಟ್ಟುಮಾಡಲು ಒಂದೂ ಸಿಗದು. ಎಲ್ಲ ಸೇರಿ ಮಗುವನ್ನು ಮೂಲೆಗೆ ಒತ್ತಿದ್ದವು. 'ಅಯ್ಯೋ, ಇಷ್ಟಕ್ಕೆಲ್ಲಾ' ಎಂಬ ಮಾತು ಗದ್ದಲಕ್ಕನ ನಾಲಿಗೆ ತುದಿಗೆ ಬಂತು. ನುಂಗಿದಳು. ಅವಳ ಪಾಲಿಗೆ ಅದು ಇಡೀ ಅಂಗಡಿಯನ್ನೇ ನುಂಗಿದಷ್ಟು ಕಷ್ಟ.

"ಹೇಳಿದ್ದು ಒಳ್ಳೇದಾಯ್ತು. ನಿನ್ನೊಬ್ಬಳನ್ನೇ ಬಿಡಲ್ಲ."

"ಅಮ್ಮಂಗೆ ಹೇಳ್ಬೇಡಿ ಅಕ್ಕಾ."

"ಹೇಳ್ತೀನಿ. ನಿನ್ನೆದುರಿಗೇ ಹೇಳ್ತೀನಿ. ಇಂಥ ಗುಟ್ಟು ನನ್ನ ಹೊಟ್ಟೇಲಿ ನಿಲ್ಲಲ್ಲ, ನಿಲ್ಲಲೂಬಾರ್ದು."

ಬೇಕರಿಗೆ ಫೋನು ಮಾಡಿದ ಸ್ವಲ್ಪ ಹೊತ್ತಿಗೇ ತಾಯಿ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ಓಡಿ ಬಂದಳು. "ನಿಂಗೇನೇ ಕಮ್ಮಿ ಮಾಡಿದ್ದೆ ನಾನು—"

"ವಿಚಾರಣೆ ಆಮೇಲೆ! ಮೊದಲು ಮಗಳನ್ನ ತಬ್ಕೊಳ್ಳೇ!"

ತಬ್ಬಿದಳು. ಹುಡುಗಿಯ ಬೆನ್ನೆಲ್ಲ ಹಿಟ್ಟಾಯಿತು. ಮೂವರೂ ಬಾಡಿಗೆ ಗಾಡಿಯೊಳಗೆ ತುರುಕಿಕೊಂಡರು. ಗದ್ದಲಕ್ಕ ಅಂಗಡಿಯ ಶಟರ್ ಎಳೆಯಲೂ ನಿಲ್ಲಲಿಲ್ಲ; ದಾರಿಯುದ್ದಕ್ಕೂ ಚಾಲಕನ ಕಿವಿ ಹಾರುವಂತೆ "ನಡಿಯಪ್ಪಾ, ನಡಿ!" ಎಂದಳು.

ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರಮ್ಮ ಹುಡುಗಿಯ ಜತೆ ಒಂಟಿಯಾಗಿ ಮಾತಾಡಿ, ಆಮೇಲೆ ಇವರನ್ನು ಕರೆದರು. ಸದ್ಯಕ್ಕೆ ಅವಳ ಜತೆ ಯಾರಾದರೂ ಇರಬೇಕು, ಮನೆಯಲ್ಲಿರುವ ಮಾತ್ರೆ, ಔಷಧಿಗೆಲ್ಲ ಬೀಗ ಬೀಳಬೇಕು, ವಾರವಾರ ಬರಬೇಕು, ಶಾಲೆಯವರ ಜತೆ ನಾವೇ ಮಾತಾಡುತ್ತೇವೆ ಎಂದರು. ಕೊನೆಗೆ ಹುಡುಗಿಯನ್ನೇ ಕೇಳಿದರು, "ಮತ್ತೆ ಹಾಗನ್ನಿಸಿದ್ರೆ ಯಾರಿಗೆ ಫೋನ್ ಮಾಡ್ತೀಯಾ?"

"ಅಮ್ಮಂಗೆ. ಅಮ್ಮ ಒಲೆ ಮುಂದೆ ಇದ್ರೆ... ಈ ಅಕ್ಕಂಗೆ."

"ನಂಗಾ!" ಗದ್ದಲಕ್ಕ ಕುರ್ಚಿಯಿಂದ ಹಾರಿಬಿದ್ದಳು.

"ಸ್ವಲ್ಪ ಮೆಲ್ಲಗೆ," ಅಂದರು ಡಾಕ್ಟರಮ್ಮ.

ಮುಂದಿನ ವಾರ ಒಬ್ಬ ಹೋಟೆಲಿನ ಯಜಮಾನ ಅಂಗಡಿಗೆ ಬಂದ. ಅವನಿಗೆ ಗೋಡೆಯುದ್ದದ ತೊಟ್ಟಿ ಬೇಕು, ತುಂಬ ಮೀನು ಬೇಕು. ಇಂಥ ಗಿರಾಕಿಗಾಗಿ ಗದ್ದಲಕ್ಕ ವರ್ಷಗಟ್ಟಲೆ ಬಾಯಿ ಬಾಯಿ ಬಿಟ್ಟಿದ್ದಳು. ಮಾತು ಕುದುರುವ ಹೊತ್ತಿಗೆ ಫೋನು ಹೊಡೆದುಕೊಂಡಿತು.

"ಅಕ್ಕಾ, ಮತ್ತೆ ಹಾಗೇ ಅನ್ನಿಸ್ತಿದೆ. ಜತೆಗಿದ್ದ ಪಕ್ಕದ್ಮನೆಯೋರು ಈಗಷ್ಟೇ ಹೊರಗೆ ಹೋದ್ರು, ಅಮ್ಮ ಫೋನ್ ಎತ್ತುತ್ತಿಲ್ಲ."

"ಮಾಡಿದ್ಯಲ್ಲ, ಜಾಣೆ! ಎಲ್ಲಿದ್ದೀಯಾ? ಅಲ್ಲೇ ಇರು, ಫೋನ್ ಇಡ್ಬೇಡ. ಮಾತಾಡ್ತಾನೇ ಬರ್ತಿದ್ದೀನಿ!"

ಯಜಮಾನ ತೊಟ್ಟಿಗಳ ಮಧ್ಯೆ ಬಾಯಿ ತೆರೆದು ನಿಂತ. ಗದ್ದಲಕ್ಕ ಅಷ್ಟರಲ್ಲಿ ಬೀದಿ ದಾಟಿದ್ದಳು.