ಟೊಪ್ಪಿ ಮಾವನ ತಂಗಿ

ಕಾಲುಚೀಲ ಒಣಗಿಸುವುದೇ ಆ ದಿನಗಳಲ್ಲಿ ನಮ್ಮ ಮನೆಯ ಬೆಳಗಿನ ದೊಡ್ಡ ಕೆಲಸ. ಆಷಾಢದಲ್ಲಿ ಕೊಪ್ಪದ ಯಾರ ಮನೆಯ ಹಗ್ಗದ ಮೇಲೂ ಬಟ್ಟೆ ಒಣಗುತ್ತಿರಲಿಲ್ಲ. ಆ ಶನಿವಾರವೂ ಅಮ್ಮ ದೋಸೆ ಹೊಯ್ದು ಮುಗಿಸಿ, ಬಿಸಿ ಕಾವಲಿಯ ಮೇಲೆ ಮುಚ್ಚಳ ಬೋರಲು ಹಾಕಿ, ಅದರ ಮೇಲೆ ನನ್ನ ಕಾಲುಚೀಲ ಹರಡಿದ್ದರು. ಕಾನ್ವೆಂಟಿನಲ್ಲಿ ನನ್ನ ಕಾಲಿಗೆ ಯಾವಾಗಲೂ ದೋಸೆಯ ವಾಸನೆ. ಎರಡು ಜಡೆ ಹೆಣೆಸಿಕೊಂಡು ಹೊರಡುವಾಗ ಕೇಳಿದೆ, "ಅಮ್ಮ, ಸಾಯಂಕಾಲ ಕರೆಂಟ್ ಇರತ್ತಾ?"

"ನಾನೆಂತ ಲೈನ್‌ಮನ್ನಾ? ಹೊರಡು, ಬೆಲ್ ಹೊಡೀತಾರೆ."

ದಿನಾ ಸಾಯಂಕಾಲ ಐದಕ್ಕೆ ಪಕ್ಕದ ಗಿರಿಜಕ್ಕನ ಮನೆಯ ಟಿವಿಯಲ್ಲಿ ಟೊಪ್ಪಿ ಮಾವ ಬರುತ್ತಿದ್ದ. ಅದು ನಾವು ಕೇರಿಯ ಮಕ್ಕಳು ಇಟ್ಟ ಹೆಸರು. ಮುಖಕ್ಕಿಂತ ಅಗಲದ ಟೊಪ್ಪಿ, ಸೊಂಟಕ್ಕೆರಡು ಪಿಸ್ತೂಲು, ಕೂರಲು ಒಂದು ಸೋಮಾರಿ ಕತ್ತೆ. ಪಿಸ್ತೂಲು ಎಳೆದರೆ ಗುಂಡಿನ ಬದಲು ಅವನ ಪ್ಯಾಂಟೇ ಜಾರುತ್ತಿತ್ತು. ಜಪಾನಿನವರು ಬರೆದ ಕಾರ್ಟೂನ್ ಅದೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಮಗೆ ಕಂಡದ್ದು ತಟ್ಟೆಯಷ್ಟು ದೊಡ್ಡ ಕಣ್ಣುಗಳು ಮತ್ತು ಮಳೆಯೇ ಇಲ್ಲದ ಊರು.

"ಎಂತ ಪುಣ್ಯವಂತರೇ! ಒಂದು ಗಂಟೆಲಿ ಲಂಗ ಒಣಗತ್ತೆ ಅಲ್ಲಿ," ಎಂದಿದ್ದಳು ಗಿರಿಜಕ್ಕನ ಒಬ್ಬಳೇ ಮಗಳು ಶೋಭ.

ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ, ಓದು ಹಾಳಾಗುತ್ತದೆಂದು ಅಪ್ಪನ ಹಟ. ಆದರೂ ಗಿರಿಜಕ್ಕನ ಮನೆಯ ಚಾಪೆಯಲ್ಲಿ ಎಲ್ಲರಿಗಿಂತ ಮುಂದಿನ ಜಾಗ, ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳದಲ್ಲಿ ಮೊದಲ ಪಾಲು ನನ್ನದು. ಕಾರ್ಟೂನ್ ಇಂಗ್ಲಿಷಿನದು, ನಮ್ಮ ಕೇರಿಯಿಂದ ಕಾನ್ವೆಂಟಿಗೆ ಹೋಗುವವಳು ನಾನೊಬ್ಬಳೇ. "ಎಂತ ಹೇಳ್ದನೇ ಅವ್ನು?" ಎಂದು ಶೋಭ ತೋಳು ಜಗ್ಗಿ ಕೇಳಿದಾಗಲೆಲ್ಲ ನಾನು ಹೇಳಬೇಕಿತ್ತು.

ನನಗೆ ಗೊತ್ತಿದ್ದ ಇಂಗ್ಲಿಷ್ ಎಂದರೆ ಪ್ರಾರ್ಥನೆ, ರಜಾ ಅರ್ಜಿ, ನೀರು ಕುಡಿಯಲು ಸಿಸ್ಟರ್ ಬಳಿ ಕೇಳುವ ಅಪ್ಪಣೆ. ಟೊಪ್ಪಿ ಮಾವ ಮೂಗಿನಲ್ಲಿ ಗಡಗಡ ಹೇಳುವುದು ಒಂದಕ್ಷರವೂ ತಿಳಿಯುತ್ತಿರಲಿಲ್ಲ. ತಿಳಿಯದು ಎಂದರೆ ಚಾಪೆಯ ಜಾಗ ಹೋಗುತ್ತದಲ್ಲ! ಹಾಗಾಗಿ ಕಟ್ಟಿ ಹೇಳಿದೆ. ಸಿಟ್ಟು ಬಂದಾಗ ಅವನ ಹಣೆಯ ಮೇಲೆ ಶಿಲುಬೆಯಂಥ ಗುರುತು ಮೂಡುತ್ತಿತ್ತು; ವರ್ಷಕ್ಕೊಂದು ದಿನ ನಮ್ಮ ಸಿಸ್ಟರುಗಳ ಹಣೆಯಲ್ಲಿ ಬೂದಿಯ ಶಿಲುಬೆ ಕಂಡಿದ್ದ ನಾನು, "ಸಿಟ್ಟು ಬಂದ್ರೆ ದೇವರು ನೆನಪಾಗ್ತಾನೆ ಅವನಿಗೆ," ಎಂದೆ. ಎಲ್ಲರೂ ನಂಬಿದರು. ಅವನು ಊರೂರಿನಲ್ಲಿ ಪ್ರತಿ ಬಾಗಿಲ ಸಂದಿಯಲ್ಲೂ ಇಣುಕುತ್ತಿದ್ದ. "ಕಳೆದುಹೋದ ತಂಗಿನ ಹುಡುಕ್ತಾ ಇದಾನೆ," ಎಂದೆ. ಹೋಟೆಲಿನ ದಪ್ಪ ಹೆಂಗಸೊಬ್ಬಳು ಅವನ ಬೆನ್ನು ಹತ್ತಿ ಬರುತ್ತಿದ್ದಳು. ತಂಗಿಯನ್ನು ಬಚ್ಚಿಟ್ಟವಳು ಅವಳೇ ಎಂದೆ.

ಒಡಹುಟ್ಟಿದವರಿಲ್ಲದ ಶೋಭ ಆ ತಂಗಿಯನ್ನು ಎದೆಗೆ ಹಚ್ಚಿಕೊಂಡುಬಿಟ್ಟಳು. ಅವಳು ಸಿಕ್ಕಿದರೆ ಮಾರಿಗುಡಿಯಲ್ಲಿ ತೆಂಗಿನಕಾಯಿ ಒಡೆಸುತ್ತೇನೆಂದು ಹರಕೆಯನ್ನೂ ಹೊತ್ತಳು. ಅಂದಿನಿಂದ ನನಗೆ ಹೆದರಿಕೆ ಹತ್ತಿತು.

ಆ ಶನಿವಾರ ಐದಕ್ಕೆ ಕರೆಂಟೇನೋ ಇತ್ತು. ಆದರೆ ಟೊಪ್ಪಿ ಮಾವ ಬಾಯಿ ತೆರೆದರೆ ತಮಿಳು! ಕೇಬಲಿನಲ್ಲಿ ಏನು ಬದಲಾಯಿತೋ ತಿಳಿಯದು. ನಾವು ಮುಖ ಮುಖ ನೋಡುತ್ತಿರುವಾಗ, ಕೊಡೆ ಮಡಚಿ ಜಗಲಿಯಲ್ಲಿ ನಿಂತಿದ್ದ ಪೊನ್ನಮ್ಮಜ್ಜಿ ಕಿಸಕ್ಕನೆ ನಕ್ಕಳು. ಹಿಂದಿನ ಮನೆಯ ಅಜ್ಜಿ. ಕಾಫಿ ಎಸ್ಟೇಟಿನ ಕೂಲಿಯವರ ಲೈನು ಮನೆಯಲ್ಲಿ ಹುಟ್ಟಿ ಬೆಳೆದವಳು, ಮನೆಮಾತು ತಮಿಳು. ಒಳಗೆ ಬಂದು ಕುಕ್ಕರಗಾಲಲ್ಲಿ ಕೂತು, ನಾವು ನಗುವ ಮೊದಲೇ ನಗತೊಡಗಿದಳು. ನಾನು ಟಿವಿ ಬಿಟ್ಟು ಅಜ್ಜಿಯ ಬಾಯನ್ನೇ ನೋಡಿದೆ.

"ಅಜ್ಜಿ, ತಂಗಿ ವಿಷಯ ಎಂತ ಹೇಳ್ದ? ಸಿಕ್ಳಂತಾ?" ಶೋಭ ಕೇಳಿದಳು.

"ತಂಗಿನಾ? ಎಲ್ಲಿ ತಂಗಿ? ಆ ಹೋಟ್ಲು ಹೆಂಗಸು ಇವನನ್ನ ಮದ್ವೆ ಆಗ್ಬೇಕು ಅಂತ ಬೆನ್ನು ಬಿದ್ದಿದಾಳೆ. ಅವಳು ಒಳಗೆ ಇದಾಳಾ ಅಂತ ಹೆದ್ರಿ ಹೆದ್ರಿ ಬಾಗ್ಲು ಇಣುಕ್ತಾನೆ, ಪಾಪ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಶೋಭ ನಗಲಿಲ್ಲ. ನನ್ನನ್ನೇ ನೋಡಿದಳು. ಹಪ್ಪಳದ ತಟ್ಟೆಯನ್ನು ನನ್ನ ಮುಂದಿನಿಂದ ಮೆಲ್ಲಗೆ ಎಳೆದು ಆಚೆಗಿಟ್ಟು, "ಸುಳ್ಳಿ," ಎಂದಳು.

ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಮನೆಗೆ ಓಡಿ ಬಂದೆ.

ಈಗ ನನ್ನ ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಇಂಥವನ್ನು ಮೊಬೈಲಿನಲ್ಲಿ ನೋಡುತ್ತಾಳೆ. ಬೇಕಾದ ಭಾಷೆ ಇದೆ, ಕೆಳಗೆ ಅಕ್ಷರಗಳೂ ಓಡುತ್ತವೆ. ಹಣೆಯ ಮೇಲಿನ ಆ ಗುರುತು ಸಿಟ್ಟಿಗೆ ಉಬ್ಬಿದ ನರ ಎಂದು ನನಗೆ ಹೇಳಿಕೊಟ್ಟವಳೂ ಅವಳೇ. ಎಲ್ಲ ಸರಿಯಾಗಿ ತಿಳಿಯುತ್ತದೆ ಅವಳಿಗೆ. ತಿಳಿಯದ್ದನ್ನು ಪಕ್ಕದವರ ತೋಳು ಜಗ್ಗಿ ಕೇಳುವ ಸುಖವೊಂದು ಅವಳ ಪಾಲಿಗಿಲ್ಲ. ಹಾಗೆ ಜಗ್ಗಿಸಿಕೊಂಡು ಎಷ್ಟು ಕಾಲವಾಯಿತೋ ನನ್ನ ತೋಳಿಗೂ.

ಆ ಸಂಜೆ ನಾನು ದೀಪದ ಮುಂದೆ ಪುಸ್ತಕ ತೆರೆದು, ಏನೂ ಓದದೆ ಕೂತಿದ್ದೆ. ನಾಳೆಯಿಂದ ಶೋಭ ಮಾತಾಡುವುದಿಲ್ಲ ಎಂಬುದಷ್ಟೇ ತಲೆಯಲ್ಲಿ. ಅಷ್ಟರಲ್ಲಿ ಗಿರಿಜಕ್ಕ ಹಾಲಿಗೆ ಹಾಕಲು ಹೆಪ್ಪು ಕೇಳಿಕೊಂಡು ಬಂದರು. ನಾನು ಬಾಗಿಲ ಹಿಂದೆ ಸರಿದು ನಿಂತೆ. ಅಮ್ಮ ಲೋಟದಲ್ಲಿ ಮಜ್ಜಿಗೆ ಕೊಟ್ಟರು. ಹೊರಡುತ್ತ, ಕೊಡೆ ಬಿಚ್ಚುತ್ತ ಗಿರಿಜಕ್ಕ ಅಂದರು:

"ನಾಳೆ ಐದಕ್ಕೆ ಮುಂಚೆನೇ ನಿಮ್ಮ ಮಗಳನ್ನ ಕಳ್ಸಿ ಮಾರಾಯ್ತಿ. ನಮ್ಮ ಶೋಭ ಇನ್ಮೇಲೆ ಟಿವಿ ಸೌಂಡ್ ಬಂದ್ ಮಾಡಿ ನೋಡ್ತಾಳಂತೆ. ತಂಗಿ ಸಿಗೋ ತನಕ ಕಥೆನ ಇವಳೇ ಹೇಳ್ಬೇಕಂತೆ."