ಷಡ್ಡಕನ ಎರಡನೇ ಪೂಜೆ

ನನ್ನ ಷಡ್ಡಕ ನನಗಿಂತ ಚಂದ ಇದ್ದಾನೆ, ನನಗಿಂತ ಚಂದ ಮಾತಾಡುತ್ತಾನೆ, ಏರು ಬಂದರೆ ನನಗಿಂತ ಚಂದ ಸೈಕಲ್ ತುಳಿಯುತ್ತಾನೆ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ಸಲೀಸು. ಅವನು ನನ್ನ ಹೆಂಡತಿಯ ತಂಗಿಯ ಗಂಡ. ಅವನು ಬರುವತನಕ ಭಾಲ್ಕಿಯ ಮಾವನ ಮನೆಗೆ ನಾನೊಬ್ಬನೇ ಅಳಿಯ. ಪಡಸಾಲೆಯ ಗಾದಿ ನನ್ನದು, ಲೋಡು ನನ್ನದು, ಹೋಳಿಗೆಯ ಮೇಲೆ ಬೀಳುವ ತುಪ್ಪದ ಮೊದಲ ಚಮಚ ನನ್ನದು. ಅವನು ಬಂದ ಮೇಲೆ ಗಾದಿಯೂ ಹಂಚಿಹೋಯಿತು, ತುಪ್ಪವೂ ಹಂಚಿಹೋಯಿತು. ಅತ್ತೆ ಬಡಿಸುತ್ತಿದ್ದರೆ ನಾನು ನನ್ನ ತಾಟು ಬಿಟ್ಟು ಅವನ ತಾಟು ನೋಡುತ್ತಿದ್ದೆ. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಕಣ್ಣು ಕೆಕ್ಕರಿಸಿದರೂ ನನ್ನ ಕಣ್ಣು ಈಚೆ ಬರುತ್ತಿರಲಿಲ್ಲ.

ನಾನು ಬೀದರ್‌ನಲ್ಲಿ ಚಷ್ಮಾದ ಅಂಗಡಿ ಇಟ್ಟವನು, ಮನೆ ಚಿದ್ರಿಯಲ್ಲಿ. ಅವನು ಎಕಂಬಾದ ಒಕ್ಕಲುತನದ ಮನೆಯ ಮಗ, ಔರಾದದ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಸೈಕಲ್ಲಿನ ಹುಚ್ಚು ಮೊದಲು ಹಿಡಿದದ್ದು ನನಗೆ, ಇದನ್ನು ಯಾರೂ ಮರೆಯಬಾರದು. ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ ಎಂದು ಡಾಕ್ಟರು ಹೆದರಿಸಿದ ಮೇಲೆ ಹೈದರಾಬಾದಿಗೆ ಹೋಗಿ ದಪ್ಪ ಗಾಲಿಯ, ಗೇರಿನ ಸೈಕಲ್ ತಂದೆ. ಅದನ್ನು ಭಾಲ್ಕಿಗೆ ತುಳಿದುಕೊಂಡು ಹೋದ ದಿನ ಮಾವ ಓಣಿಯವರನ್ನೆಲ್ಲ ಕರೆದು ತೋರಿಸಿದ್ದರು. ಮುಂದಿನ ಹಬ್ಬಕ್ಕೆ ಷಡ್ಡಕ ಅಂಥದ್ದೇ ಸೈಕಲ್ಲಿನ ಮೇಲೆ ಔರಾದದಿಂದ ಬಂದಿಳಿದ. ಬಣ್ಣ ಬೇರೆ, ಅಷ್ಟೇ. ಓಣಿಯವರು ಮತ್ತೆ ಬಂದರು.

ಆಮೇಲೆ ರವಿವಾರ ಬಂತೆಂದರೆ ನಾನು ಬೀದರ್‌ನಿಂದ ಇಳಿಯುವುದು, ಅವನು ಔರಾದದಿಂದ ಬರುವುದು, ಮಾಂಜರಾ ಸೇತುವೆಯ ಹತ್ತಿರ ಕೂಡಿ ಇಬ್ಬರೂ ಬೀದರ್ ಕಡೆ ಏರುವುದು ರೂಢಿಯಾಯಿತು. ಆ ಏರಿನಲ್ಲಿ ಅವನು ಪ್ರತಿಸಲ ಮುಂದೆ ಹೋಗುತ್ತಿದ್ದ. ಹೋಗಲಿ. ಮೇಲೆ ಹೋಗಿ, ಹೋಟೆಲಿನ ಮುಂದೆ ನನಗೂ ಒಂದು ಕಪ್ ಚಹಾ ತೆಗೆಸಿ, ಆರದಂತೆ ಬಸಿ ಮುಚ್ಚಿ ಹಿಡಿದುಕೊಂಡು ನಗುತ್ತ ನಿಂತಿರುತ್ತಿದ್ದ. "ದಮ್ ತಗೋರಿ ಅಣ್ಣಾರ," ಅನ್ನುತ್ತಿದ್ದ. ಸೋತವನಿಗಾಗಿ ಚಹಾ ಹಿಡಿದು ಕಾಯುವವನಷ್ಟು ಕೆಟ್ಟ ಮನುಷ್ಯ ಲೋಕದಲ್ಲಿ ಮತ್ತೊಬ್ಬನಿಲ್ಲ. ಆ ಚಹಾ ನಾನು ಕುಡಿದೇ ಕುಡಿಯುತ್ತಿದ್ದೆ, ಅದು ಬೇರೆ ಮಾತು.

ಲಡಾಖಿನ ರೇಸಿನ ಸುದ್ದಿ ಮೊದಲು ಬಂದದ್ದೂ ನನ್ನ ಫೋನಿಗೇ. ಹಿಮದ ಬೆಟ್ಟಗಳ ನಡುವೆ ಇಡೀ ದಿನ ಸೈಕಲ್ ತುಳಿಯಬೇಕು. ಎರಡು ಘಾಟು ಹತ್ತಿ ಇಳಿಯಬೇಕು. ಎರಡನೇ ಘಾಟಿನ ತುದಿಯನ್ನು ಗಡುವಿನೊಳಗೆ ಮುಟ್ಟದಿದ್ದರೆ ಹಿಂದಿನಿಂದ ಬರುವ ಟ್ರಕ್ಕು ಸೈಕಲ್ಲನ್ನೂ ಮನುಷ್ಯನನ್ನೂ ಎತ್ತಿ ಹಾಕಿಕೊಂಡು ಬರುತ್ತದೆ. ನಾನು ಗುಟ್ಟಾಗಿ ಹೆಸರು ಕೊಟ್ಟೆ. ಹೆಂಡತಿಗೆ ಮಾತ್ರ ಹೇಳಿದೆ. ಹೆಂಡತಿ ತಂಗಿಗೆ ಮಾತ್ರ ಹೇಳಿದಳು. ವಾರ ಕಳೆಯುವುದರೊಳಗೆ ಷಡ್ಡಕನ ಫೋನು: "ಅಣ್ಣಾರ, ನಾನೂ ಹೆಸರ ಕೊಟ್ಟೀನ್ರಿ. ನಿಮ್ಮ ಜೋಡಿ ಬರ್ತೇನಿ."

ಗೆಲ್ಲುವ ಆಸೆ ನನಗಿರಲಿಲ್ಲ. ಗೆಲ್ಲುವವರು ಬೇರೆಯೇ ಇರುತ್ತಾರೆ, ಅವರ ತೊಡೆ ನೋಡಿದರೇ ಗೊತ್ತಾಗುತ್ತದೆ. ನನಗೆ ಬೇಕಿದ್ದದ್ದು ಒಂದೇ. ನಾನು ರೇಸು ಮುಗಿಸಬೇಕು, ಅವನು ನನ್ನ ಹಿಂದೆ ಬರಬೇಕು, ಆ ಮಾತನ್ನು ಭಾಲ್ಕಿಯ ಪಡಸಾಲೆಯಲ್ಲಿ ಮಾವ ತಮ್ಮ ಬಾಯಿಂದಲೇ ಹೇಳಬೇಕು. ರಾತ್ರಿ ಹಗಲು ಅದೊಂದೇ ಧ್ಯಾನ.

ಹಳೇ ಊರಿನಲ್ಲಿ ನಮ್ಮ ಸೈಕಲ್ ರಿಪೇರಿ ಮಾಡುವ ಚಾಚಾ ಚೈನಿಗೆ ಎಣ್ಣೆ ಬಿಡುತ್ತ, "ಚಷ್ಮೇವಾಲೇ ಸಾಬ್, ಅಪನ್ ಕೇ ಬೀದರ್ ಮೇ ಪಹಾಡ್ ಕಾಂ ಹೈ?" ಎಂದು ನಕ್ಕರು. ಬೆಟ್ಟವೇ ಇಲ್ಲದ ಊರಿನವರು ಬೆಟ್ಟ ಹತ್ತಲು ಹೊರಟಿದ್ದೇವೆ ಎಂದು ಅವರಿಗೆ ಮಜಾ. ಅತ್ತೆ ಇಬ್ಬರಿಗೂ ಒಂದೊಂದು ಚೀಲ ಕಟ್ಟಿಕೊಟ್ಟರು: ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ರೈಲಿನಲ್ಲಿ ಅವನು ನಿದ್ದೆ ಹೋದಾಗ ನಾನು ಎರಡೂ ಚೀಲ ಎತ್ತಿ ನೋಡಿದೆ. ಅವನದು ಭಾರವಿತ್ತು. ನನ್ನ ಕೈಗೆ ಹಾಗೆ ಅನಿಸಿತೋ, ಖರೇನೇ ಭಾರವಿತ್ತೋ, ಇವತ್ತಿಗೂ ತಿಳಿದಿಲ್ಲ.

ಲಡಾಖಿನಲ್ಲಿ ಬೂಟಿನ ದಾರ ಕಟ್ಟಲು ಬಗ್ಗಿದರೂ ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಆ ತೆಳು ಗಾಳಿಗೆ ಮೈ ಒಗ್ಗಲಿ ಎಂದು ಎಲ್ಲರನ್ನೂ ಕೆಲವು ದಿನ ಡೇರೆಗಳಲ್ಲಿ ಸುಮ್ಮನೆ ಕೂಡಿಸಿದರು. ನನಗೆ ತಲೆ ಸಿಡಿಯುತ್ತಿತ್ತು, ಅನ್ನ ಸೇರುತ್ತಿರಲಿಲ್ಲ. ಷಡ್ಡಕ ಅಕ್ಕಪಕ್ಕದ ಡೇರೆಯವರಿಗೆಲ್ಲ ರೊಟ್ಟಿ ಹಿಂಡಿ ಹಂಚಿ ಒಂದೇ ದಿನದಲ್ಲಿ ಎಲ್ಲರ ನೆಂಟನಾಗಿಬಿಟ್ಟ. ನಾನೂ ಒಬ್ಬರಿಗೆ ನನ್ನ ಚೀಲದ ರೊಟ್ಟಿ ಕೊಟ್ಟೆ. ಅವರು ತಿಂದು, ನಿಮ್ಮ ತಮ್ಮನ ರೊಟ್ಟಿ ಬಹಳ ರುಚಿ ಅಂದರು.

ರೇಸಿನ ದಿನ ನಸುಕಿನಲ್ಲಿ ಕಣ್ಣು ಬಿಟ್ಟರೆ ಅವನಾಗಲೇ ಎದ್ದಿದ್ದ. ಇಷ್ಟಲಿಂಗ ಪೂಜೆ ಆಗದೆ ಅವನು ಗುಟುಕು ನೀರೂ ಬಾಯಿಗೆ ಹಾಕುವವನಲ್ಲ. ಸ್ನಾನ ಮಾಡುವಂಥ ಚಳಿ ಅದಲ್ಲ. ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ, ಹಲ್ಲು ಕಚ್ಚಿಕೊಂಡು ಮೈಯೆಲ್ಲ ಒರೆಸಿಕೊಂಡ. ವಿಭೂತಿ ಧರಿಸಿ, ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಡೇರೆಯ ಮೂಲೆಯಲ್ಲಿ ಕೂತ. ನನ್ನ ಲಿಂಗ ಚಿದ್ರಿಯ ಮನೆಯ ಜಗಲಿಯ ಮೇಲೆ ಕರಡಿಗೆಯಲ್ಲಿತ್ತು. ನಾನು ಹಬ್ಬಕ್ಕೆ ಹುಣ್ಣಿಮೆಗೆ ಕೈಗೆತ್ತಿಕೊಳ್ಳುವವನು. ಪೂಜೆ ಮುಗಿಸಿ ಅವನು ಬಿಸಿನೀರು ಕುಡಿದ, ರೊಟ್ಟಿ ತಿಂದ. ಇದನ್ನು ನಾನು ಹಾಸಿಗೆಯಲ್ಲಿ ಬಿದ್ದುಕೊಂಡೇ ನನ್ನ ಎರಡು ಕಣ್ಣಿಂದ ನೋಡಿದೆ.

ಮೊದಲನೇ ಘಾಟಿನಲ್ಲಿ ಎಂದಿನಂತೆ ಅವನು ಮುಂದೆ ಹೋದ. ಅವನ ಕೆಂಪು ಜಾಕೀಟು ಮೊದಲು ಅಂಗೈಯಷ್ಟು, ಆಮೇಲೆ ಕುಂಕುಮದ ಬೊಟ್ಟಿನಷ್ಟಾಗಿ ತಿರುವಿನಲ್ಲಿ ಮಾಯವಾಯಿತು. ನಾನು ಅವನನ್ನೂ, ಅವನ ಕಾಲೇಜನ್ನೂ, ಅವನಿಗೆ ಹೆಣ್ಣು ಕೊಟ್ಟ ನಮ್ಮ ಮಾವನನ್ನೂ ಬೈಯುತ್ತ ತುಳಿದೆ. ಎರಡನೇ ಘಾಟಿನ ಅರ್ಧದಲ್ಲಿ, ಒಂದು ತಿರುವು ದಾಟಿದಾಗ, ಅವನ ಸೈಕಲ್ಲು ದಾರಿಯ ಬದಿಗೆ ಅಡ್ಡ ಬಿದ್ದಿತ್ತು. ಅವನು ಕಲ್ಲಿನ ಮೇಲೆ ಕೂತಿದ್ದ. ಜಾಕೀಟಿನ ಎದೆ ತೆರೆದಿತ್ತು, ಲಿಂಗ ಅಂಗೈ ಮೇಲಿತ್ತು, ದೃಷ್ಟಿ ಅದರ ಮೇಲೆ ನೆಟ್ಟಿತ್ತು. ರೇಸಿನ ಡಾಕ್ಟರೊಬ್ಬರು, ಮತ್ತೊಬ್ಬ ಕಾರ್ಯಕರ್ತ ಅವನ ಪಕ್ಕದಲ್ಲೇ ನಿಂತಿದ್ದರು. ಆ ಕಾರ್ಯಕರ್ತನಂತೂ ಕೈ ಮುಗಿದುಕೊಂಡು ನಿಂತಿದ್ದ. ನಾನು ಸೈಕಲ್ ನಿಲ್ಲಿಸಿದೆ. ಷಡ್ಡಕ ತಲೆಯೆತ್ತದೆ, "ನೀವು ನಡೀರಿ ಅಣ್ಣಾರ, ನನ್ನ ಸಲುವಾಗಿ ನಿಂದರಬ್ಯಾಡ್ರಿ," ಅಂದ. ಡಾಕ್ಟರೂ ಏನೂ ತೊಂದರೆಯಿಲ್ಲ, ಹೋಗಿ ಎಂದು ಕೈ ಮಾಡಿದರು.

ನಡೆದೆ. ಸುಳ್ಳು ಯಾಕೆ, ಖುಷಿಯಾಯಿತು. ಎಷ್ಟೋ ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿದಷ್ಟು ಖುಷಿ. ಆಮೇಲಿನದು ಮಾತ್ರ ಖುಷಿಯಲ್ಲ. ತುಳಿದೆ, ಇಳಿದು ದಬ್ಬಿದೆ, ವಾಂತಿ ಮಾಡಿಕೊಂಡೆ, ಮತ್ತೆ ದಬ್ಬಿದೆ. ಬಾಯಿ ತೆರೆದಷ್ಟೂ ಗಾಳಿ ಒಳಗೆ ಬರುತ್ತಿರಲಿಲ್ಲ. ಗಡುವು ಮುಗಿಯುವ ಹೊತ್ತಿಗೆ ನನ್ನ ಮುಂದಿನ ಗಾಲಿ ಘಾಟಿನ ತುದಿ ಮುಟ್ಟಿತು. ಇಳಿದು ರೇಸು ಮುಗಿಸಿದವರಲ್ಲಿ ಬಹುಶಃ ನಾನೇ ಕಟ್ಟಕಡೆಯವನು. ಕೊರಳಿಗೆ ಪದಕ ಹಾಕಿದರು. ಟ್ರಕ್ಕು ಬರುವ ಹೊತ್ತಿಗೆ ನಾನು ಎರಡು ಕಪ್ ಚಹಾ ತೆಗೆದುಕೊಂಡು, ಒಂದಕ್ಕೆ ಬಸಿ ಮುಚ್ಚಿ, ನಗುತ್ತ ನಿಂತಿದ್ದೆ. ಅವನು ಟ್ರಕ್ಕಿನಿಂದಿಳಿದು ಚಹಾ ಕುಡಿದು, "ಶಾಬಾಸ್ ಅಣ್ಣಾರ," ಎಂದು ನನ್ನನ್ನು ಅಪ್ಪಿಕೊಂಡ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ನಾವು ಭಾಲ್ಕಿ ಮುಟ್ಟುವ ಮೊದಲೇ ಒಂದು ಫೋಟೊ ಅಲ್ಲಿಗೆ ಮುಟ್ಟಿತ್ತು. ಹಿಂದೆ ಹಿಮದ ಬೆಟ್ಟ, ಮುಂದೆ ಅಂಗೈಯಲ್ಲಿ ಲಿಂಗ ಹಿಡಿದ ಷಡ್ಡಕ. ಆ ಕಾರ್ಯಕರ್ತ ತೆಗೆದದ್ದು. ಓಣಿಯ ಎಲ್ಲರ ಫೋನಿನಲ್ಲೂ ಅದೇ. ಮೆಹಕರ ಊರಿನ ದೂರದ ಬೀಗರು ಅವನನ್ನು ನೋಡಲೆಂದೇ ಬಂದು ಕೂತಿದ್ದರು. ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು: "ಅಂಥಾ ಥಂಡ್ಯಾಗ ರೇಸ್ ಬಿಟ್ಟು ಪೂಜಾಕ್ಕ ಕುಂತಾರ ನೋಡ್ರಿ ನಮ್ಮ ಸಣ್ಣ ಅಳಿಯಾರು. ರೇಸ್ ಹೋದರ ಹೋಗ್ಲಿ ಅಂದಾರ." ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, "ನಿಮ್ಮದು ಅಂದು ಪೂಜಾ ಆಗಿತ್ತಿಲ್ರಿ?" ಎಂದು ಕೇಳಿದರು. ನಾನು ಪದಕವನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡೆ. ಹಾವು ಹೊಡೆದು ಹದ್ದಿಗೆ ಹಾಕಿದಂತಾಗಿತ್ತು ನನ್ನ ಕಥೆ.

ಆದರೆ ನನ್ನ ಬಳಿ ಒಂದು ಮಾತಿತ್ತು. ಅವನ ಪೂಜೆ ನಸುಕಿನಲ್ಲೇ ಡೇರೆಯಲ್ಲಿ ಮುಗಿದಿತ್ತು. ಘಾಟಿನಲ್ಲಿ ಕೂತದ್ದು ಪೂಜೆಗಲ್ಲ, ದಣಿವಿಗೆ. ಎಲ್ಲರೂ ಊಟಕ್ಕೆ ಕೂತಾಗ, ಮಾವನ ಎದುರಿಗೆ, ನಗುನಗುತ್ತಲೇ ಅದನ್ನು ಬಿಡಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಊಟಕ್ಕೆ ಕೂತೆವು. ಮಾವ, "ಆ ಘಾಟಿನ್ಯಾಗ ಪೂಜಾ ಹ್ಯಾಂಗ ಮಾಡಿದ್ರಿ, ಜರಾ ಹೇಳ್ರಿ," ಎಂದು ಅವನನ್ನು ಕೇಳಿದರು. ನಾನು ಗಂಟಲು ಸರಿಪಡಿಸಿಕೊಂಡೆ.

"ಮಾವಾರ, ಅದು ಪೂಜಾ ಅಲ್ರಿ," ಅಂದ ಅವನು. "ಪೂಜಾ ನಸುಕಿನ್ಯಾಗೇ ಆಗಿತ್ತು, ಅಣ್ಣಾರು ನೋಡ್ಯಾರ. ಅಲ್ಲಿ ನನಗ ಉಸಿರೇ ಸಿಗಲಿಲ್ಲ. ಕಾಲು ಥರಥರ ನಡಗ್ಲತ್ತಿದ್ವು. ಸತ್ತೇ ಹೋಗ್ತೇನಿ ಅನಸ್ತು. ಭಾಳ ಅಂಜಿಕಿ ಬಂತ್ರಿ. ಕೈಯಾಗ ಏನಾರ ಹಿಡ್ಕೋಬೇಕಾಗಿತ್ತು, ಹಿಡ್ಕೊಂಡೆ."

ಈಗ ಇವನು ಕೆಳಗೆ ಬಿದ್ದ ಎಂದುಕೊಂಡೆ. ಮಾವ ಚಷ್ಮಾ ತೆಗೆದರು, ನಾನೇ ಮಾಡಿಕೊಟ್ಟ ಚಷ್ಮಾ, ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. "ಹಂಗಾರ ಖರೇ ಪೂಜಾ ಅದೇ ನೋಡ್ರಿ," ಅಂದರು. ಅತ್ತೆ ಎದ್ದು ಹೋಗಿ ತುಪ್ಪದ ಗಿಂಡಿ ತಂದು ಅವನ ಹೋಳಿಗೆ ಮುಳುಗುವಷ್ಟು ಸುರಿದರು. ನನ್ನ ಕೈಯಲ್ಲಿದ್ದ ಒಂದೇ ಕತ್ತಿಯನ್ನು ಅವನು ತಾನೇ ಕಸಿದುಕೊಂಡು, ಅದರಿಂದಲೂ ಗೆದ್ದುಬಿಟ್ಟಿದ್ದ. ಇವನು ಸುಳ್ಳನಾದರೂ ಆಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಸಂಜೆ ಬೀದರ್ ಬಸ್ಸಿನಲ್ಲಿ ಹೆಂಡತಿ ಕಿಟಕಿ ಪಕ್ಕ ಕೂತಿದ್ದಳು. ಊರು ದಾಟಿದ ಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ನಿಮಗೂ ಆ ಏರಿನ್ಯಾಗ ಅಂಜಿಕಿ ಬಂದಿತ್ತೇನ್ರಿ?"

"ಬಂದಿತ್ತು."

"ಮತ್ತ ನೀವು ಏನು ಹಿಡ್ಕೊಂಡ್ರಿ?"

ನನಗೂ ಅಲ್ಲಿ ಉಸಿರು ಸಿಕ್ಕಿರಲಿಲ್ಲ, ನನ್ನ ಕಾಲೂ ನಡುಗಿದ್ದವು, ಸತ್ತೆ ಎಂದು ನನಗೂ ಅನಿಸಿತ್ತು. ದೇವರು ನೆನಪಾಗಲಿಲ್ಲ. ಇವಳೂ ನೆನಪಾಗಲಿಲ್ಲ. ಅವನು ಕೆಳಗೆ ಕೂತಿದ್ದಾನೆ, ಕೆಳಗೇ ಕೂತಿದ್ದಾನೆ ಎಂದು ಒಂದೊಂದು ಹೆಜ್ಜೆಗೂ ಹೇಳಿಕೊಳ್ಳುತ್ತ ಆ ಸೈಕಲ್ಲನ್ನು ತುದಿಯತನಕ ದಬ್ಬಿದ್ದೆ.

"ನಿನ್ನ ತಂಗಿ ಗಂಡನ್ನ," ಅಂದೆ.

ನಾನು ಚಾಷ್ಟಿ ಮಾಡುತ್ತಿದ್ದೇನೆ ಎಂದುಕೊಂಡು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಜೊತೆ ನಾನೂ ನಗಬೇಕಾಯಿತು.